ಕೋರ್ಟಿನಲ್ಲೂ ಚೌಕಾಸಿ ಉಂಟು. ದರ ತಿಳಿಯದೆ ‘ಹೂಂ’ ಎಂದವನಿಗೇ ನಷ್ಟ

ಬೆಳಗ್ಗೆ ಹತ್ತೂವರೆಗೆ ಜಿಲ್ಲಾ ಕೋರ್ಟಿನ ಸ್ಟಾಪಿನಲ್ಲಿ ಟೌನ್ ಬಸ್ಸು ನಿಂತರೆ ಅರ್ಧ ಬಸ್ಸೇ ಖಾಲಿ. ಇಳಿಯುವವರ ಮುಖ ನೋಡಿಯೇ ಕಂಡಕ್ಟರು ಹೇಳಬಲ್ಲ: ಯಾರು ಸಾಕ್ಷಿ, ಯಾರು ಆರೋಪಿ, ಯಾರು ಬರೀ ಧೈರ್ಯ ಹೇಳಲು ಜೊತೆಗೆ ಬಂದ ಭಾವಮೈದ ಎಂದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಡಚಿ ಮಡಚಿ ಹರಿದ ಕಾಗದ, ಜೇಬಿನಲ್ಲಿ ವಾಯಿದೆಯ ತಾರೀಖು ಬರೆದ ಚೀಟಿ. ಸಾಯಂಕಾಲ ಇದೇ ಬಸ್ಸಿಗೆ ಇದೇ ಜನ ಹತ್ತುತ್ತಾರೆ. ಚೀಟಿಯಲ್ಲಿ ತಾರೀಖು ಮಾತ್ರ ಬದಲಾಗಿರುತ್ತದೆ.

ಕೋರ್ಟಿನ ಎದುರಿನ ಟೀ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಮಾತೊಂದಿದೆ. “ಒಪ್ಕೊಂಬಿಡಣ್ಣ, ಅತ್ಲಾಗೆ ದಂಡ ಕಟ್ಟಿ ಮನೆಗೋಗ್ಬೌದು.” ಹೇಳುವವನು ವಕೀಲನಲ್ಲ, ಪೊಲೀಸನಲ್ಲ, ಕೋರ್ಟಿನ ಗುಮಾಸ್ತನೂ ಅಲ್ಲ. ಹೋದ ವರ್ಷ ತಾನೋ, ತನ್ನ ಷಡ್ಡಕನೋ ಹಾಗೆ ಮಾಡಿ ಪಾರಾದದ್ದನ್ನು ಕಂಡವನು. ಕೇಳುವವನು ನಾಲ್ಕನೆಯ ವಾಯಿದೆಗೆ ಬಂದು ಸುಸ್ತಾದವನು. ಒಂದು ದಿನದ ಕೂಲಿ ಹೋಗಿದೆ, ಬಸ್ ಚಾರ್ಜು ಹೋಗಿದೆ, ವಕೀಲರ ಫೀಸು ಬಾಕಿಯಿದೆ. ಅವನಿಗೆ ‘ಒಪ್ಕೊಂಬಿಡು’ ಎಂಬ ಮಾತು ಬೇಸಿಗೆಯಲ್ಲಿ ಮಜ್ಜಿಗೆ ಕೊಟ್ಟ ಹಾಗೆ ಕೇಳಿಸುತ್ತದೆ.

ಆದರೆ ಒಪ್ಪಿಕೊಳ್ಳುವುದರಲ್ಲೂ ಬಗೆಗಳಿವೆ. ದಾರಿ ತಿಳಿದು ಒಪ್ಪಿಕೊಂಡವನಿಗೆ ಕಾನೂನೇ ಶಿಕ್ಷೆ ಇಳಿಸುತ್ತದೆ. ದಾರಿ ತಿಳಿಯದೆ ಒಪ್ಪಿಕೊಂಡವನು ಪೂರ್ತಿ ಬೆಲೆ ತೆತ್ತು ಅರ್ಧ ಮಾಲು ತಂದ ಗಿರಾಕಿಯಂತೆ. ಆ ದಾರಿಗೆ ವಕೀಲರ ಬಾಯಲ್ಲಿ ‘ಪ್ಲೀ ಬಾರ್ಗೇನಿಂಗ್’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ತಪ್ಪೊಪ್ಪಿಗೆಯ ಚೌಕಾಸಿ. 2006ರ ಜುಲೈ 5ರಿಂದ ಇದು ನಮ್ಮ ದೇಶದ ಕಾನೂನಿನಲ್ಲೇ ಇದೆ. ಸಂತೆಯಲ್ಲಿ ಬದನೆಕಾಯಿಗೂ ಚೌಕಾಸಿ ಮಾಡುವ ಜನ, ತಮ್ಮ ಜೀವನದ ಹತ್ತು ಹದಿನೈದು ತಿಂಗಳು ತಕ್ಕಡಿಯಲ್ಲಿರುವಾಗ ಬಾಯಿ ಬಿಡುವುದಿಲ್ಲ. ಹೀಗೊಂದು ಅವಕಾಶ ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ.

ಒಬ್ಬ ಟೆಂಪೋ ಡ್ರೈವರ್, ಒಬ್ಬ ವಿಧವೆ

ವಿಷಯ ತಿಳಿಯಲು ಒಂದು ಕೇಸನ್ನು ಕಲ್ಪಿಸಿಕೊಳ್ಳಬಹುದು. ಇಂಥದ್ದು ಯಾವ ತಾಲ್ಲೂಕಿನಲ್ಲೂ ನಡೆಯಬಹುದಾದ್ದರಿಂದ ಹೆಸರಿನ ಅಗತ್ಯವಿಲ್ಲ.

ತರಕಾರಿ ಮಂಡಿಗೆ ಲೋಡು ಹೊಡೆಯುವ ಟೆಂಪೋ ಡ್ರೈವರ್. ಮುಸ್ಸಂಜೆ ಹೊತ್ತು. ಎದುರಿನಿಂದ ಬಂದ ಲಾರಿಯ ಹೆಡ್‌ಲೈಟು ಕಣ್ಣಿಗೆ ಹೊಡೆಯಿತು. ರಸ್ತೆಯ ಅಂಚಿನಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಗಾರೆ ಕೆಲಸದವನೊಬ್ಬ ಟೆಂಪೋಗೆ ಸಿಕ್ಕಿ ಸತ್ತ. ಡ್ರೈವರ್ ಓಡಿಹೋಗಲಿಲ್ಲ, ತಾನೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ. ಪೊಲೀಸರು ಕೇಸು ಹಾಕಿದರು, ಜಾಮೀನು ಸಿಕ್ಕಿತು. ಅದಾದ ಮೇಲೆ ಕೋರ್ಟಿನ ಓಡಾಟ.

ಡ್ರೈವರನಿಗೆ ರಾತ್ರಿ ನಿದ್ದೆಯಿಲ್ಲ. ವೇಗ ಸ್ವಲ್ಪ ಜಾಸ್ತಿಯಿತ್ತು ಎಂದು ಅವನಿಗೇ ಗೊತ್ತು. ಸೈಕಲ್ಲಿಗೆ ದೀಪ ಇರಲಿಲ್ಲ ಎಂಬುದೂ ಗೊತ್ತು. ತಪ್ಪು ಎಷ್ಟು ತನ್ನದು, ಎಷ್ಟು ಕತ್ತಲೆಯದು ಎಂದು ಅವನಿಗೇ ಲೆಕ್ಕ ಹತ್ತುವುದಿಲ್ಲ. ಇತ್ತ ಸತ್ತವನ ಹೆಂಡತಿಗೂ ನಿದ್ದೆಯಿಲ್ಲ. ಅವಳನ್ನು ಪೊಲೀಸರು ಒಂದು ಸಲ ಹೇಳಿಕೆಗೆ ಕರೆದಿದ್ದರು. ಕೇಸು ಎಲ್ಲಿಗೆ ಬಂತು ಎಂದು ಆಮೇಲೆ ಯಾರೂ ಹೇಳಿಲ್ಲ. ಕೇಸು ‘ಸರ್ಕಾರ ವಿರುದ್ಧ ಡ್ರೈವರ್’. ಅದರ ಹೆಸರಿನಲ್ಲಿ ಅವಳೂ ಇಲ್ಲ, ಅವಳ ಗಂಡನೂ ಇಲ್ಲ.

ಹಳೆಯ ದಂಡಸಂಹಿತೆಯ 304-ಎ ಕಲಮಿನಲ್ಲಿ ಇಂಥ ಅಜಾಗರೂಕತೆಯ ಸಾವಿಗೆ ಹೆಚ್ಚೆಂದರೆ 2 ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ ಅದು 5 ವರ್ಷದವರೆಗೆ ಏರಿದೆ, ದಂಡ ಬೇರೆ. ಡ್ರೈವಿಂಗ್ ಸೀಟಿನಲ್ಲಿ ಕೂರುವ ಪ್ರತಿಯೊಬ್ಬನಿಗೂ ಗೊತ್ತಿರಬೇಕಾದ ಅಂಕಿ ಇದು.

ಈಗ ಆ ಡ್ರೈವರ್ ಟೀ ಅಂಗಡಿಯ ಸಲಹೆ ನಂಬಿ, ಸಾಹೇಬರು ‘ತಪ್ಪು ಒಪ್ತೀಯಾ?’ ಎಂದಾಗ ಕೈಮುಗಿದು ‘ಹೂಂ ಸಾಮಿ’ ಎಂದುಬಿಟ್ಟರೆ ಏನಾಗುತ್ತದೆ? ಅದು ಬರೀ ತಪ್ಪೊಪ್ಪಿಗೆ. ಶಿಕ್ಷೆ ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆ. ದಂಡವೂ ಆಗಬಹುದು, ಜೈಲೂ ಆಗಬಹುದು. ‘ದಂಡ ಕಟ್ಟಿ ಹೋಗ್ಬೌದು’ ಎಂದವನು ಆ ಹೊತ್ತಿಗೆ ಟೀ ಅಂಗಡಿಯಲ್ಲೂ ಇರುವುದಿಲ್ಲ.

ಕರ್ನಾಟಕದಿಂದಲೇ ಹೋದ ಪಾಠ

ಇದು ಬರೀ ಹೆದರಿಸುವ ಮಾತಲ್ಲ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 1983ರ ಕಾನೂನು ವರದಿಗಳಲ್ಲಿ ಅಚ್ಚಾದ ಕೇಸೊಂದಿದೆ. ಅದೂ 304-ಎ ಕೇಸೇ. ಆರೋಪಿ ತಪ್ಪೊಪ್ಪಿಕೊಂಡ, ಕೆಳಗಿನ ಕೋರ್ಟು ದಂಡ ಹಾಕಿ ಬಿಟ್ಟಿತು. ಶಿಕ್ಷೆ ಸಾಲದೆಂಬ ಮಾತು ಮೇಲಕ್ಕೆ ಹೋಯಿತು, ಹೈಕೋರ್ಟು ಜೈಲು ಶಿಕ್ಷೆ ಕೊಟ್ಟಿತು. ಹಗುರವಾಗಿ ಹೋಗುತ್ತದೆಂದು ನಂಬಿ ಒಪ್ಪಿಕೊಂಡವನಿಗೆ ಸಿಕ್ಕಿದ್ದು ಸೆರೆಮನೆ.

ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸಣ್ಣ ಶಿಕ್ಷೆಯಲ್ಲಿ ಬಿಡುತ್ತೇವೆಂಬ ಭರವಸೆ ತೋರಿಸಿ ಒಬ್ಬನ ಬಾಯಲ್ಲಿ ತಪ್ಪು ಒಪ್ಪಿಸಿಕೊಂಡು, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಹೇಳಿತು. ಅವನ ಶಿಕ್ಷೆಯನ್ನು ರದ್ದು ಮಾಡಿ, ಕೇಸನ್ನು ಮೊದಲಿನಿಂದ ವಿಚಾರಣೆ ಮಾಡಿ ಎಂದು ವಾಪಸು ಕಳಿಸಿತು. ಅಲ್ಲಿಗೆ ನ್ಯಾಯ ಸಿಕ್ಕಿತು ಅನ್ನಿ. ಆದರೆ ಸುಪ್ರೀಂ ಕೋರ್ಟಿನ ತನಕ ಹೋಗುವ ತಾಕತ್ತು ಎಷ್ಟು ಡ್ರೈವರುಗಳಿಗಿದೆ?

ಮೊದಲು ಕಳ್ಳಮಾಲು, ಆಮೇಲೆ ಕಾನೂನು

ಆ ಕಾಲದಲ್ಲಿ ಕೋರ್ಟಿನೊಳಗಿನ ಚೌಕಾಸಿ ಎಂದರೆ ಕಳ್ಳಮಾಲಿನ ವ್ಯಾಪಾರವಿದ್ದಂತೆ. ನಡೆಯುತ್ತದೆಂದು ಎಲ್ಲರಿಗೂ ಗೊತ್ತು, ರಸೀತಿ ಮಾತ್ರ ಇಲ್ಲ. 1976ರಲ್ಲಿ ಮಹಾರಾಷ್ಟ್ರದ ಅಡುಗೆ ಎಣ್ಣೆ ಕಲಬೆರಕೆ ಕೇಸೊಂದರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ತರಾಟೆಗೆ ತೆಗೆದುಕೊಂಡರು. ವ್ಯಾಪಾರಿ ಒಪ್ಪಿಕೊಂಡು ಸಣ್ಣ ದಂಡದಲ್ಲಿ ಪಾರಾದರೆ ಅವನಿಗೆ ಲಾಭ, ಸರ್ಕಾರಿ ಕಡೆಯವರಿಗೆ ಶ್ರಮ ಉಳಿತಾಯ, ಕೋರ್ಟಿಗೆ ಒಂದು ಫೈಲು ಕಡಿಮೆ. ನಷ್ಟವಾದದ್ದು ಯಾರಿಗೆ? ಆ ಎಣ್ಣೆ ತಿಂದ ಜನಕ್ಕೆ. ಅವರು ಈ ಮಾತುಕತೆಯಲ್ಲಿ ಎಲ್ಲೂ ಇಲ್ಲ ಎಂಬುದು ಅವರ ಆಕ್ಷೇಪದ ತಿರುಳು.

1980ರಲ್ಲಿ ಗುಜರಾತಿನ ಇನ್ನೊಂದು ಕಲಬೆರಕೆ ಕೇಸಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇನ್ನೂ ಖಾರವಾಗಿ ಬರೆದರು. ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ, ಭ್ರಷ್ಟಾಚಾರಕ್ಕೆ ಬಾಗಿಲು ಎಂದರು. ಅವರ ಇನ್ನೊಂದು ಭಯ ಇವತ್ತಿಗೂ ಹಳೆಯದಾಗಿಲ್ಲ. ವರ್ಷಗಟ್ಟಲೆ ಅಲೆಯುವುದಕ್ಕಿಂತ ಸಣ್ಣ ಶಿಕ್ಷೆ ಮೇಲು ಎಂದು ತಪ್ಪೇ ಮಾಡದವನೂ ತಪ್ಪೊಪ್ಪಿಕೊಂಡಾನು ಎಂಬುದೇ ಆ ಭಯ.

ಒಂದು ಕಡೆ ಸುಪ್ರೀಂ ಕೋರ್ಟು ಬೇಡ ಎನ್ನುತ್ತಿದ್ದಾಗ ಇನ್ನೊಂದು ಕಡೆ ಫೈಲುಗಳು ಬೀರುವಿನ ಮೇಲಿಂದ ಸೂರಿಗೆ ಮುಟ್ಟುತ್ತಿದ್ದವು. 1991ರಲ್ಲಿ ಕಾನೂನು ಆಯೋಗ ತನ್ನ 142ನೇ ವರದಿಯಲ್ಲಿ, ತಾನಾಗಿ ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಇಳಿಸುವ ಏರ್ಪಾಡು ಬೇಕು ಎಂದಿತು. 1996ರ 154ನೇ ವರದಿ ಅದನ್ನೇ ಮತ್ತೆ ಹೇಳಿತು. 2003ರಲ್ಲಿ ವರದಿ ಕೊಟ್ಟ ಸಮಿತಿಯೂ ಅದಕ್ಕೆ ದನಿಗೂಡಿಸಿತು. ಆ ಸಮಿತಿಯ ಅಧ್ಯಕ್ಷರು ನಮ್ಮವರೇ, ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳೀಮಠರು. ಕೊನೆಗೆ ಸಂಸತ್ತು ಕಾನೂನು ಮಾಡಿ, ದಂಡ ಪ್ರಕ್ರಿಯಾ ಸಂಹಿತೆಗೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಕಲಮುಗಳಲ್ಲಿದೆ. ಹಿತ್ತಲ ಬಾಗಿಲ ವ್ಯಾಪಾರ ಮುಂಬಾಗಿಲಿಗೆ ಬಂತು, ರಸೀತಿಯೂ ಬಂತು.

ಮೇಜಿನ ಸುತ್ತ ನಾಲ್ವರು

ಈ ದಾರಿ ಎಲ್ಲರಿಗೂ ಇಲ್ಲ. ಮರಣದಂಡನೆ, ಜೀವಾವಧಿ, ಏಳು ವರ್ಷಕ್ಕೆ ಮೀರಿದ ಶಿಕ್ಷೆಯ ಅಪರಾಧಗಳಿಗೆ ಚೌಕಾಸಿಯಿಲ್ಲ. ಹೆಂಗಸರು, ಮಕ್ಕಳ ಮೇಲೆ ನಡೆದ ಅಪರಾಧಕ್ಕೂ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಂಥ ಕಾನೂನುಗಳನ್ನು ಕೇಂದ್ರ ಸರ್ಕಾರ 2006ರಲ್ಲೇ ಪಟ್ಟಿ ಮಾಡಿ ಹೊರಗಿಟ್ಟಿತು. ಹಿಂದೆ ಅದೇ ಅಪರಾಧದಲ್ಲಿ ಶಿಕ್ಷೆಯಾದವನಿಗೂ ಬಾಗಿಲು ಮುಚ್ಚಿದೆ.

ಉಳಿದವರು ಕೋರ್ಟಿಗೆ ಅರ್ಜಿ ಹಾಕಬೇಕು. ಮೊದಲ ಹೆಜ್ಜೆ ಆರೋಪಿಯದೇ. ಪೊಲೀಸರೋ ಸರ್ಕಾರಿ ವಕೀಲರೋ ‘ಅರ್ಜಿ ಹಾಕು’ ಎಂದು ಬಲವಂತ ಮಾಡುವ ಹಾಗಿಲ್ಲ. ಅರ್ಜಿಯ ಜೊತೆ ಪ್ರಮಾಣಪತ್ರ ಕೊಡಬೇಕು: ಈ ಅಪರಾಧಕ್ಕೆ ಎಷ್ಟು ಶಿಕ್ಷೆ ಎಂದು ತಿಳಿದುಕೊಂಡೇ, ಸ್ವಂತ ಇಚ್ಛೆಯಿಂದ ಕೇಳುತ್ತಿದ್ದೇನೆ ಎಂದು.

ಆಮೇಲೆ ಬರುವ ಘಟ್ಟವೇ ಮುಖ್ಯ. ನ್ಯಾಯಾಧೀಶರು ಆರೋಪಿಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಚಾರಿಸುತ್ತಾರೆ. ಎದುರು ಕಡೆಯವರು ಅಲ್ಲಿರುವಂತಿಲ್ಲ. ಯಾರಾದರೂ ಹೆದರಿಸಿದರೇ, ಆಸೆ ತೋರಿಸಿದರೇ, ನಿಜವಾಗಿ ನಿನ್ನ ಮನಸ್ಸಿನಿಂದ ಬಂದ ಅರ್ಜಿಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅಲ್ಲ ಎಂದು ಕಂಡರೆ ಅರ್ಜಿ ಅಲ್ಲಿಗೇ ಮುಗಿಯಿತು, ಕೇಸು ಮೊದಲಿನ ಹಾಗೆ ನಡೆಯುತ್ತದೆ. ಭಗವತಿಯವರ ಭಯಕ್ಕೆ ಕಾನೂನು ಹಾಕಿದ ಬೇಲಿ ಇದು. ಬೇಲಿ ಎಷ್ಟು ಗಟ್ಟಿ ಎಂಬುದು ಕೋಣೆಯೊಳಗೆ ಕೇಳುವವರ ತಾಳ್ಮೆ, ಹೇಳುವವನ ಧೈರ್ಯ ಎರಡರ ಮೇಲೂ ನಿಂತಿದೆ.

ಮನಸ್ಸಿನಿಂದಲೇ ಎಂದು ಖಾತ್ರಿಯಾದರೆ ಮಾತುಕತೆ. ಪೊಲೀಸ್ ಕೇಸಾದರೆ ಮೇಜಿನ ಸುತ್ತ ನಾಲ್ಕು ಕಡೆಯವರು: ಸರ್ಕಾರಿ ಅಭಿಯೋಜಕರು, ಅಂದರೆ ಕೋರ್ಟಿನ ಜನ ‘ಪಿ.ಪಿ. ಸಾಹೇಬರು’ ಎನ್ನುವವರು; ತನಿಖೆ ಮಾಡಿದ ಪೊಲೀಸ್ ಅಧಿಕಾರಿ; ಆರೋಪಿ ಮತ್ತು ಅವನ ವಕೀಲರು; ನಾಲ್ಕನೆಯದಾಗಿ ನೊಂದವರು. ಸತ್ತವನ ವಾರಸುದಾರರೂ ಕಾನೂನಿನ ಕಣ್ಣಿನಲ್ಲಿ ನೊಂದವರೇ. ಅಂದರೆ ಟೆಂಪೋ ಕೇಸಿನ ಆ ವಿಧವೆಗೆ ಕೇಸಿನಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಕುರ್ಚಿ ಸಿಗುತ್ತದೆ. ‘ನಿನಗೇನು ಬೇಕಮ್ಮ?’ ಎಂದು ಯಾರಾದರೂ ಕೇಳಲೇಬೇಕಾಗುತ್ತದೆ. ಕೃಷ್ಣ ಅಯ್ಯರ್ ಎತ್ತಿದ್ದ ಆಕ್ಷೇಪಕ್ಕೆ ಇದು ಉತ್ತರ. ಆರೋಪಿ ಅವಳಿಗೆ ಕೊಡಬೇಕಾದ ಪರಿಹಾರ, ಕೇಸಿನ ಖರ್ಚು ಎಲ್ಲವೂ ಮಾತುಕತೆಯಲ್ಲಿ ಸೇರುತ್ತವೆ. ಇದಕ್ಕೆ ಕೋರ್ಟು ಕೊಡುವ ಗಡುವು 60 ದಿನ ಮಾತ್ರ.

ಎಲ್ಲರೂ ಒಪ್ಪಿದರೆ ಸಹಿ. ಒಪ್ಪದಿದ್ದರೆ ಕೇಸು ನಿಂತ ಜಾಗದಿಂದ ಮತ್ತೆ ಹೊರಡುತ್ತದೆ. ಅರ್ಜಿಯಲ್ಲಿ ಆರೋಪಿ ಹೇಳಿಕೊಂಡದ್ದನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ. ‘ಅವತ್ತು ಒಪ್ಕೊಂಡಿದ್ದೆಯಲ್ಲ’ ಎಂದು ಆಮೇಲೆ ಕಟಕಟೆಯಲ್ಲಿ ಚುಚ್ಚುವಂತಿಲ್ಲ.

ಲೆಕ್ಕ ಹೀಗೆ

ಅಂಗಡಿಯವರಿಗೆ ಅರ್ಥವಾಗುವುದು ಲೆಕ್ಕ. ಚೌಕಾಸಿ ಫಲಿಸಿದರೆ, ಕನಿಷ್ಠ ಶಿಕ್ಷೆ ಗೊತ್ತುಮಾಡಿರುವ ಅಪರಾಧಗಳಲ್ಲಿ ಆ ಕನಿಷ್ಠದ ಅರ್ಧ ವಿಧಿಸಬಹುದು. ಕನಿಷ್ಠ ಗೊತ್ತುಮಾಡದ ಅಪರಾಧಗಳಲ್ಲಿ ಪೂರ್ತಿ ಶಿಕ್ಷೆಯ ನಾಲ್ಕನೇ ಒಂದು ಭಾಗ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ಮೊದಲ ಸಲದವನಿಗೆ ಹೊಸ ಸಂಹಿತೆ ಇನ್ನೂ ಇಳಿಸಿದೆ. ಮೊದಲನೆಯ ಬಗೆಯಲ್ಲಿ ಕನಿಷ್ಠದ ನಾಲ್ಕನೇ ಒಂದು ಭಾಗ, ಎರಡನೆಯ ಬಗೆಯಲ್ಲಿ ಆರನೇ ಒಂದು ಭಾಗ.

ಟೆಂಪೋ ಡ್ರೈವರನ ಲೆಕ್ಕ ಹಾಕಿ. 106(1)ರಲ್ಲಿ 5 ವರ್ಷದವರೆಗೆ, ಎಂದರೆ 60 ತಿಂಗಳು. ನಾಲ್ಕನೇ ಒಂದು ಭಾಗ 15 ತಿಂಗಳು. ಮೊದಲ ಸಲವಾದರೆ ಆರನೇ ಒಂದು ಭಾಗ, 10 ತಿಂಗಳು. ವಿಚಾರಣಾಧೀನನಾಗಿ ಒಳಗಿದ್ದ ದಿನಗಳಿದ್ದರೆ ಅವನ್ನೂ ಇದರಲ್ಲಿ ಕಳೆಯುತ್ತಾರೆ. ಸನ್ನಡತೆಯ ಮೇಲೆ ಬಿಡುವ 1958ರ ಕಾಯ್ದೆ ಅನ್ವಯಿಸುವ ಕೇಸುಗಳಲ್ಲಿ ಆ ರೀತಿಯ ಬಿಡುಗಡೆಗೂ ದಾರಿಯಿದೆ. ಆದರೆ ಅಜಾಗರೂಕ ಚಾಲನೆಯಿಂದ ಸಾವಾದ ಕೇಸುಗಳಲ್ಲಿ ಆ ಸವಲತ್ತನ್ನು ಧಾರಾಳವಾಗಿ ಹಂಚಬಾರದೆಂದು ಸುಪ್ರೀಂ ಕೋರ್ಟು 2000ದಲ್ಲೇ ಎಚ್ಚರಿಸಿದೆ. ಡ್ರೈವರುಗಳು ಅದನ್ನೇ ನಂಬಿ ಕೂರುವಂತಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಚೌಕಾಸಿಯ ತೀರ್ಪು ಅಂತಿಮ. ಮಾಮೂಲಿ ಅಪೀಲು ಇಲ್ಲ. ಹೈಕೋರ್ಟಿಗೆ ರಿಟ್, ಸುಪ್ರೀಂ ಕೋರ್ಟಿಗೆ ವಿಶೇಷ ಅರ್ಜಿ, ಇವೆರಡೇ ಉಳಿಯುವುದು. ಇನ್ನೊಂದು ದೊಡ್ಡ ಸಂಗತಿ: ಶಿಕ್ಷೆ ಎಷ್ಟೇ ಇಳಿಯಲಿ, ಅವನು ಕಾಗದದ ಮೇಲೆ ಅಪರಾಧಿಯೇ.

ರಾಜಿಯೇ ಬೇರೆ, ಚೌಕಾಸಿಯೇ ಬೇರೆ

ಇಲ್ಲೇ ಬಹಳ ಜನ ಎಡವುವುದು. ಚೌಕಾಸಿ ಎಂದರೆ ಲೋಕ ಅದಾಲತ್ತಿನ ರಾಜಿ ಎಂದುಕೊಂಡವರು ಹೆಚ್ಚು. ಎರಡಕ್ಕೂ ಅಜಗಜಾಂತರ. ಕಾನೂನು ರಾಜಿಗೆ ಒಪ್ಪುವ ಕೇಸುಗಳ ಪಟ್ಟಿಯೇ ಇದೆ. ಅಂಥ ಕೇಸಿನಲ್ಲಿ ನೊಂದವರು ಒಪ್ಪಿ ರಾಜಿಯಾದರೆ ಆರೋಪಿಗೆ ಬಿಡುಗಡೆಯಾದಂತೆಯೇ ಲೆಕ್ಕ. ಕಳಂಕವಿಲ್ಲ. ಅಂಗಡಿಯವರನ್ನು ಕಾಡುವ ಚೆಕ್ ಬೌನ್ಸ್ ಕೇಸು ರಾಜಿಯಾಗಬಲ್ಲದು. ಅದಕ್ಕೆ ಚೌಕಾಸಿಯ ಅರ್ಜಿ ಹಾಕಿದರೆ, ಬಾಗಿಲಿರುವಾಗ ಕಿಟಕಿ ಹಾರಿ ಕಾಲು ಮುರಿದುಕೊಂಡ ಹಾಗೆ.

ಅಜಾಗರೂಕತೆಯ ಸಾವಿನ ಕೇಸು ರಾಜಿಯ ಪಟ್ಟಿಯಲ್ಲಿಲ್ಲ. ಸತ್ತವನ ಮನೆಯವರು ಕ್ಷಮಿಸಿದರೂ ಅದು ಅಲ್ಲಿಗೆ ನಿಲ್ಲುವುದಿಲ್ಲ. ಅಂಥ ಕಡೆಯಲ್ಲೇ ಚೌಕಾಸಿಯ ಕೆಲಸ. ಆದ್ದರಿಂದ ವಕೀಲರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: “ಸಾರ್, ನನ್ ಕೇಸು ರಾಜಿ ಆಗೋದಾ?” ಅಲ್ಲ ಎಂದರೆ ಎರಡನೆಯದು: “ಹಂಗಾದ್ರೆ ಬಾರ್ಗೇನಿಂಗ್ ಅರ್ಜಿ ಹಾಕ್ಬೌದಾ?” ಈ ಎರಡು ಪ್ರಶ್ನೆ ಕೇಳದೆ ‘ಹೂಂ’ ಎನ್ನಕೂಡದು.

ಅಮೆರಿಕದಲ್ಲಿ ಇದೇ ದೊಡ್ಡ ಸಂತೆ

ಈ ಪದ್ಧತಿ ಹುಲುಸಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟೇ 2012ರಲ್ಲಿ ಬರೆದ ಪ್ರಕಾರ, ಕೇಂದ್ರದ ಕೋರ್ಟುಗಳಲ್ಲಿ ಆಗುವ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳ ಕೋರ್ಟುಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಆಗುವಂಥವು. ಸಿನಿಮಾದಲ್ಲಿ ಕಾಣುವ ಜೂರಿ, ಸವಾಲು, ಪಾಟೀಸವಾಲು ಎಲ್ಲ ಅಪರೂಪದ ಹಬ್ಬದೂಟ. ದಿನದ ಅನ್ನ ಇದೇ ಚೌಕಾಸಿ. ಸರ್ಕಾರಿ ವಕೀಲ ಆರೋಪವನ್ನೇ ಇಳಿಸಬಹುದು, ಹತ್ತು ಆರೋಪದಲ್ಲಿ ಎಂಟನ್ನು ಕೈಬಿಡಬಹುದು. ಅಲ್ಲಿನ ಸರ್ಕಾರಿ ವಕೀಲನ ಕೈ ನಮ್ಮ ಪಿ.ಪಿ. ಸಾಹೇಬರ ಕೈಗಿಂತ ಬಹಳ ಉದ್ದ.

ಆ ಉದ್ದ ಕೈ ಏನು ಮಾಡಬಲ್ಲದು ಎಂಬುದಕ್ಕೆ ಕೆಂಟಕಿ ರಾಜ್ಯದ ಒಂದು ಕೇಸು ಸಾಕು. ಒಬ್ಬನ ಮೇಲೆ 88 ಡಾಲರ್ 30 ಸೆಂಟಿನ ಸುಳ್ಳು ಚೆಕ್ಕಿನ ಆರೋಪ. ಒಪ್ಪಿಕೊಂಡರೆ 5 ವರ್ಷ ಕೇಳುತ್ತೇನೆ, ಒಪ್ಪದಿದ್ದರೆ ಹಳೆಯ ಕೇಸುಗಳನ್ನೂ ಸೇರಿಸಿ ರೂಢಿಗತ ಅಪರಾಧಿಯ ಕಾನೂನು ಹಾಕುತ್ತೇನೆ ಎಂದ ಸರ್ಕಾರಿ ವಕೀಲ. ಅವನು ಒಪ್ಪಲಿಲ್ಲ, ವಿಚಾರಣೆ ಕೇಳಿದ. ಸಿಕ್ಕಿದ್ದು ಜೀವಾವಧಿ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐವರು ಒಂದು ಕಡೆ, ನಾಲ್ವರು ಒಂದು ಕಡೆ ಆಗಿ ಇದನ್ನು ಎತ್ತಿಹಿಡಿಯಿತು. ಒಂದು ತಿಂಗಳ ದಿನಸಿ ಸಾಮಾನಿನಷ್ಟು ದುಡ್ಡಿನ ಚೆಕ್ಕು. ವಿಚಾರಣೆ ಕೇಳಿದ್ದಕ್ಕೆ ತೆತ್ತ ಬೆಲೆ ಇಡೀ ಆಯುಸ್ಸು.

ಇನ್ನೊಂದು ಕೇಸು ಮಿಸೌರಿ ರಾಜ್ಯದ್ದು. ರದ್ದಾದ ಲೈಸೆನ್ಸಿನಲ್ಲಿ ಗಾಡಿ ಓಡಿಸಿದವನು. ಆರೋಪ ಇಳಿಸಿ 90 ದಿನದ ಶಿಕ್ಷೆಗೆ ಶಿಫಾರಸು ಮಾಡುತ್ತೇನೆಂದು ಸರ್ಕಾರಿ ವಕೀಲ ಕಾಗದ ಬರೆದ. ಆರೋಪಿಯ ವಕೀಲ ಆ ಕಾಗದದ ವಿಷಯ ಕಕ್ಷಿದಾರನಿಗೆ ಹೇಳಲೇ ಇಲ್ಲ. ಗಡುವು ಮುಗಿಯಿತು, ಅವನಿಗೆ 3 ವರ್ಷವಾಯಿತು. ಬಂದ ಚೌಕಾಸಿಯನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲನ ಕರ್ತವ್ಯ ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಟ್ಟಿತು.

ನಮ್ಮಲ್ಲಿ ಆರೋಪವನ್ನೇ ಅದಲುಬದಲು ಮಾಡುವಷ್ಟು ಸಲಿಗೆಯನ್ನು ಈ ಅಧ್ಯಾಯ ಕೊಟ್ಟಿಲ್ಲ. ಚೌಕಾಸಿ ಶಿಕ್ಷೆ ಮತ್ತು ಪರಿಹಾರಕ್ಕೆ ಸೀಮಿತ, ಅದೂ ನ್ಯಾಯಾಧೀಶರ ಕಣ್ಣೆದುರಿಗೆ. ಆ ಮಟ್ಟಿಗೆ ನಮ್ಮದು ಮೇಲು. ಆದರೆ ‘ಹೇಳಲೇ ಇಲ್ಲ’ ಎಂಬ ರೋಗಕ್ಕೆ ಗಡಿಯಿಲ್ಲ. ಅದು ಅಲ್ಲೂ ಇದೆ, ಇಲ್ಲೂ ಇದೆ.

ಅಂಗಡಿ ತೆರೆದಿದೆ, ಗಿರಾಕಿಯಿಲ್ಲ

ಕಾನೂನು ಬಂದು ಇಷ್ಟು ವರ್ಷವಾದರೂ ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಮುಗಿಯುವ ಕೇಸು ನೂರಕ್ಕೆ ಒಂದೂ ಇಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಜಾಮೀನಿನ ಮೇಲೆ ಹೊರಗಿರುವವನಿಗೆ ಅವಸರವಿಲ್ಲ. ಕೇಸು ಎಳೆದಷ್ಟೂ ಸಾಕ್ಷಿಗಳು ಮರೆಯುತ್ತಾರೆ, ಊರು ಬಿಡುತ್ತಾರೆ, ತಿರುಗಿಬೀಳುತ್ತಾರೆ. ಬಿಡುಗಡೆಯ ಆಸೆ ಇರುವಾಗ ಅಪರಾಧಿ ಎಂಬ ಹಣೆಪಟ್ಟಿ ಯಾರಿಗೆ ಬೇಕು? ವಕೀಲರಲ್ಲಿ ಕೆಲವರಿಗೆ ಈ ಅಧ್ಯಾಯದ ರೂಢಿಯಿಲ್ಲ. ವಾಯಿದೆಗಿಷ್ಟು ಎಂದು ಫೀಸು ಬರುತ್ತಿರುವಾಗ ಕೇಸು ಬೇಗ ಮುಗಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆಂದು ಹೇಳಲಾಗದು.

ಅವಸರ ಇರುವುದು ಒಳಗಿರುವವರಿಗೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ಇನ್ನೂ ತೀರ್ಪಾಗದ ವಿಚಾರಣಾಧೀನರು. ನಾಲ್ವರಲ್ಲಿ ಮೂವರಿಗೆ ತಾವು ಅಪರಾಧಿಗಳೋ ಅಲ್ಲವೋ ಎಂಬುದೇ ತೀರ್ಮಾನವಾಗಿಲ್ಲ. ಇವರಲ್ಲಿ ಸಣ್ಣ ಕೇಸಿನವನಿಗೆ ಚೌಕಾಸಿ ನಿಜವಾದ ಬಿಡುಗಡೆಯ ದಾರಿಯಾಗಬಹುದು. ಅವನಿಗೇ ಅದು ಉರುಳೂ ಆಗಬಹುದು. ತಪ್ಪು ಮಾಡದವನೂ ಹೊರಗೆ ಬರುವ ಆಸೆಗೆ ‘ಮಾಡಿದ್ದೇನೆ’ ಎಂದು ಸಹಿ ಹಾಕಿಯಾನು. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸವಿರುವಾಗ ಸತ್ಯ ಹೇಳುತ್ತಾ ಕೂರುವುದು ಎಲ್ಲರಿಗೂ ಆಗುವ ಮಾತಲ್ಲ. ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಕೋರ್ಟಿನ ಬಗ್ಗೆ ಹಿರಿಯರು ಗಾದೆ ಮಾಡಿದ್ದು ಸುಮ್ಮನೆ ಅಲ್ಲ.

ಹೊಸ ಸಂಹಿತೆ ಇನ್ನೊಂದು ಗಂಟು ಹಾಕಿದೆ. ಹಳೆಯ ಕಾನೂನಿನಲ್ಲಿ ಅರ್ಜಿಗೆ ಗಡುವಿರಲಿಲ್ಲ. ಈಗ ಕೋರ್ಟು ದೋಷಾರೋಪ ಹೊರಿಸಿದ ದಿನದಿಂದ 30 ದಿನದೊಳಗೆ ಹಾಕಬೇಕು. 2024ರ ಜುಲೈ 1ಕ್ಕೆ ಮೊದಲೇ ಕೋರ್ಟಿನಲ್ಲಿದ್ದ ಕೇಸುಗಳು ಹಳೆಯ ಪ್ರಕ್ರಿಯೆಯಲ್ಲೇ ನಡೆಯುತ್ತವೆ. ಹೊಸ ಕೇಸಿನವರು ಮಾತ್ರ ದಿನ ಎಣಿಸಬೇಕು. ಹಳ್ಳಿಯವನು ಒಂದು ವಾಯಿದೆಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ 30 ದಿನ ಮುಗಿದಿರುತ್ತದೆ. ಆರೋಪ ಓದಿ ಹೇಳುವ ದಿನವೇ ಯಾರಾದರೂ ಅವನಿಗೆ ತಿಳಿಯುವ ಮಾತಿನಲ್ಲಿ ಈ ವಿಷಯವನ್ನೂ ಹೇಳದಿದ್ದರೆ, ಕಾನೂನು ಪುಸ್ತಕದಲ್ಲಿದ್ದೂ ಇಲ್ಲದಂತೆಯೇ.

ಕೇಳಿದರೆ ಹೇಳುವವರಿದ್ದಾರೆ

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬುದು ತಡೆಯಾಗಬೇಕಿಲ್ಲ. 1987ರ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಅಲ್ಲಿ ವಕೀಲರನ್ನು ಬಿಟ್ಟಿ ಪಡೆಯಬಹುದು. ಫೋನಿನಲ್ಲಿ ಕೇಳುವವರಿಗೆ 15100 ಎಂಬ ಸಹಾಯವಾಣಿಯಿದೆ. ಟೀ ಅಂಗಡಿಯ ಸಲಹೆಯೂ ಪುಕ್ಕಟೆ, ಪ್ರಾಧಿಕಾರದ ಸಲಹೆಯೂ ಪುಕ್ಕಟೆ. ಒಂದಕ್ಕೆ ಹೊಣೆಗಾರರಿದ್ದಾರೆ, ಇನ್ನೊಂದಕ್ಕಿಲ್ಲ. ವ್ಯತ್ಯಾಸ ಅಷ್ಟೇ.

ಮತ್ತೆ ಆ ಟೆಂಪೋ ಡ್ರೈವರನ ವಿಷಯ. ಅವನು ಏನು ಮಾಡಬೇಕೆಂದು ಹೊರಗಿನವರು ಹೇಳಲಾಗದು. ಸೈಕಲ್ಲಿಗೆ ದೀಪವಿರಲಿಲ್ಲ, ತನ್ನ ತಪ್ಪಿಲ್ಲ ಎಂದು ಅವನ ಮನಸ್ಸು ಹೇಳಿದರೆ ವಿಚಾರಣೆ ಎದುರಿಸುವುದೇ ಸರಿ. ಅದು ಅವನ ಹಕ್ಕು, ಚೌಕಾಸಿಯ ಆಸೆಗೆ ಅದನ್ನು ಮಾರಬಾರದು. ವೇಗ ಜಾಸ್ತಿಯಾಗಿತ್ತು, ತಪ್ಪು ತನ್ನದೇ ಎಂದಾದರೆ, ಹತ್ತು ತಿಂಗಳ ಲೆಕ್ಕವನ್ನೂ ಅಪರಾಧಿ ಎಂಬ ಹೆಸರನ್ನೂ ಎರಡೂ ತಟ್ಟೆಯಲ್ಲಿಟ್ಟು ತೂಗಿ ನೋಡಬಹುದು. ಹಾಗೆ ಅರ್ಜಿ ಹಾಕಿದ ದಿನ ಆ ಮೇಜಿನ ಇನ್ನೊಂದು ಬದಿಯಲ್ಲಿ ಗಾರೆ ಕೆಲಸದವನ ಹೆಂಡತಿ ಕೂತಿರುತ್ತಾಳೆ. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಕೇಸಿನಲ್ಲಿ ನರಳಿದವರು ಎದುರುಬದುರಾಗುತ್ತಾರೆ. ಅವಳ ನಷ್ಟವನ್ನು ಯಾವ ಲೆಕ್ಕವೂ ತುಂಬಲಾರದು. ಆದರೆ ಅವಳು ಬಾಯಿ ಬಿಟ್ಟು ಹೇಳಿದ್ದು ಕಾಗದಕ್ಕೆ ಏರುತ್ತದೆ.

ಸಾಯಂಕಾಲ ಐದೂವರೆಗೆ ಟೌನ್ ಬಸ್ಸು ಮತ್ತೆ ಕೋರ್ಟಿನ ಸ್ಟಾಪಿಗೆ ಬರುತ್ತದೆ. ಪ್ಲಾಸ್ಟಿಕ್ ಚೀಲಗಳು ಹತ್ತುತ್ತವೆ, ಚೀಟಿಗಳಲ್ಲಿ ಹೊಸ ತಾರೀಖು. ಅವರಲ್ಲಿ ಯಾರಿಗಾದರೂ ಇವತ್ತು ಆರೋಪ ಓದಿ ಹೇಳಿದ್ದರೆ, ಅವರ ಮೂವತ್ತು ದಿನ ಆಗಲೇ ಶುರುವಾಗಿದೆ.